ಸಾಬಣ ಅಣ್ಣನ ಮನೆಯ ಬೂದಿ

ನಮ್ಮ ಅಡುಗೆಮನೆಯ ಗೋಡೆಯ ಮಾಡದಲ್ಲಿ ಒಂದು ಬೂದಿಯ ಪೊಟ್ಟಣ ಕೂತಿದೆ. ಸುಮ್ಮನೆ ಕೂತಿಲ್ಲ, ಠೀವಿಯಿಂದ ಕೂತಿದೆ. ಕಂದು ಬಣ್ಣದ ದಪ್ಪ ಕಾಗದ, ಕೊರಳಿಗೆ ಸೆಣಬಿನ ದಾರ, ಎದೆಯ ಮೇಲೆ ಒಬ್ಬ ಅಜ್ಜಿಯ ಚಿತ್ರ. ಅಜ್ಜಿ ನಗುನಗುತ್ತಾ ತಂಬಿಗೆ ಬೆಳಗುತ್ತಿದ್ದಾಳೆ. ನಾನು ಏಕಸಂಬಿಯಲ್ಲಿ ಹುಟ್ಟಿ ಬೆಳೆದವನು. ತಂಬಿಗೆ ಬೆಳಗುವ ಅಜ್ಜಿಯರನ್ನು ಬೇಕಾದಷ್ಟು ನೋಡಿದ್ದೇನೆ, ನಗುತ್ತಿದ್ದವರನ್ನು ಮಾತ್ರ ಒಬ್ಬರನ್ನೂ ಕಂಡಿಲ್ಲ. ತಿಕ್ಕುವಾಗ ಅವರು ಸೊಸೆಯಂದಿರನ್ನು ಬೈಯುತ್ತಿದ್ದರು, ಇಲ್ಲವೇ ನಮ್ಮನ್ನು.

ನನಗೆ ಓದುವ ಚಟವಿದೆ. ಪುಸ್ತಕದ್ದಲ್ಲ, ಪೊಟ್ಟಣದ್ದು. ಆಯುಷ್ಯವೆಲ್ಲ ಸಾಬೂನು ಮಾರಿದವನಿಗೆ ಮೇಲಿನ ಬರಹ ಓದದೆ ಯಾವ ಡಬ್ಬಿಯನ್ನೂ ಕೆಳಗಿಡಲು ಮನಸ್ಸು ಬರುವುದಿಲ್ಲ. ಕಟ್ಟಿಗೆ ಬೂದಿ, ಅಂಟವಾಳಕಾಯಿಯ ಪುಡಿ, ನಿಂಬೆ ಸಿಪ್ಪೆ, ಸಂಪೂರ್ಣ ನೈಸರ್ಗಿಕ ಎಂದೆಲ್ಲ ಇತ್ತು. ಕೊನೆಗೆ ಮೂಲೆಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, ಬೆಲೆ. ಆ ರೊಕ್ಕದಲ್ಲಿ ನಮ್ಮ ಮನೆಗೆ ನಾಲ್ಕು ದಿನದ ಹಾಲು ಬರುತ್ತಿತ್ತು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಓದಿದೆ.

‘ಸ್ನೇಹಾ, ಇದು ಬೂದಿ ಅಲ್ಲೇನವಾ?’ ಎಂದು ಕೇಳಿದೆ.

‘ಹೌದ್ರಿ ಮಾಮಾ.’

‘ಬೂದಿಗಿ ರೊಕ್ಕ ಕೊಟ್ಟು ಬಂದಿಯೇನು?’

‘ಪುಕ್ಕಟ ಯಾರ್ ಕೊಡ್ತಾರ್ರಿ?’

ಸ್ನೇಹಾ ನನ್ನ ಸೊಸೆ. ತವರು ನಿಪ್ಪಾಣಿ. ಚಿಕ್ಕೋಡಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ, ಹಾಗಾಗಿ ಅವಳ ಜೊತೆ ಬೆಲೆಯ ವಿಷಯ ಮಾತಾಡುವಾಗ ನಾನು ಸ್ವಲ್ಪ ಹುಷಾರಾಗಿರುತ್ತೇನೆ. ಅವಳು ವಾದ ಮಾಡಲಿಲ್ಲ. ಎರಡೂ ಕೈ ಮುಂದೆ ಚಾಚಿದಳು. ಬೆರಳ ಸಂದಿಗಳಲ್ಲಿ ಚರ್ಮ ಕೆಂಪಗೆ ಬಿರಿದಿತ್ತು.

‘ಭಾಂಡಿ ತಿಕ್ಕೂ ಸಾಬಣ ಮುಟ್ಟಿದ್ರ ಕೈ ಉರೀತಾವ್ರಿ. ಈ ಪುಡಿ ಹಚ್ಚಿದ್ರ ಉರಿಯೂದಿಲ್ಲ.’

‘ಅಲ್ಲವಾ, ಬೂದಿ ನಮ್ಮ ಮನ್ಯಾಗ ಇರತೈತಲ್ಲ?’ ಎಂದೆ.

ಒಳಗಿನಿಂದ ನನ್ನ ಹೆಂಡತಿ ಸುಮತಿಯ ದನಿ ಬಂತು. ‘ಎಲ್ಲಿ ಐತ್ರಿ? ಸಿಲಿಂಡರ್ ಸುಟ್ಟು ಬೂದಿ ತಗೀತೀರೇನು?’

ಈ ಮನೆಯಲ್ಲಿ ಸಾಬೂನಿನ ವಿಷಯಕ್ಕೆ ನನ್ನನ್ನು ಯಾರೂ ಕೇಳಿದ್ದೇ ಇಲ್ಲ. ಅದೊಂದು ಹಳೆಯ ಕತೆ. ಆದರೆ ಊರಲ್ಲಿ ನನ್ನ ಹೆಸರು ಈಗಲೂ ‘ಸಾಬಣ ಅಣ್ಣಾ’ ಎಂದೇ. ನಮ್ಮ ಮಂದಿಯೆಲ್ಲ ಕಬ್ಬು, ತಂಬಾಕು ಎಂದು ಹೊಲದಲ್ಲಿ ದುಡಿಯುತ್ತಿದ್ದಾಗ ನಾನು ಒಬ್ಬ ಸಗಟು ವ್ಯಾಪಾರಿಯ ಏಜೆಂಟನಾಗಿ ಮೋಟರ್ ಸೈಕಲ್ಲಿಗೆ ಸಾಬೂನಿನ ಚೀಲ ಕಟ್ಟಿಕೊಂಡು ತಿರುಗಿದವನು. ರಾಯಬಾಗ, ಅಥಣಿ, ಕಾಗವಾಡ, ನನ್ನ ಸಾಬೂನು ಹೋಗದ ಊರಿರಲಿಲ್ಲ. ಜನ ಬೂದಿ ಬಿಟ್ಟು ಸಾಬೂನಿನ ಬಿಲ್ಲೆ ಹಿಡಿದ ಕಾಲ ಅದು. ಹಿಡಿಸಿದವರಲ್ಲಿ ನಾನೂ ಒಬ್ಬ ಎಂಬ ಹೆಮ್ಮೆ ನನಗೆ ಆಗಲೂ ಇತ್ತು, ಈಗಲೂ ಇದೆ. ಹರಿವಾಣದ ಜಿಡ್ಡು ಒಂದೇ ತಿಕ್ಕಿಗೆ ಹೋದಾಗ ಹೆಣ್ಣುಮಕ್ಕಳ ಮುಖದಲ್ಲಿ ಕಂಡ ಸಂತೋಷವನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮಾರುವುದಕ್ಕೆ ನನ್ನದೇ ಒಂದು ಪಟ್ಟು ಇತ್ತು. ಅಂಗಡಿಗೆ ಹೋದವನೇ ಬೆಲೆ ಹೇಳುತ್ತಿರಲಿಲ್ಲ. ಬಿಲ್ಲೆಯ ಕಾಗದ ಬಿಚ್ಚಿ ಸಾಹುಕಾರರ ಮೂಗಿಗೆ ಹಿಡಿಯುತ್ತಿದ್ದೆ. ‘ಮೂಸ್ರಿ ಸಾಹುಕಾರ್ರ, ಮೂಸ್ರಿ. ನಿಂಬಿ ತ್ವಾಟದಾಗ ನಿಂತಂಗ ಆಗತೈತಿ!’ ತೆಲಸಂಗದ ಬಿಸಿಲಲ್ಲಿ, ಕಣ್ಣು ಹಾಯಿಸಿದಷ್ಟು ದೂರ ಜೋಳದ ಕೂಳೆ ಬಿಟ್ಟು ಏನೂ ಕಾಣದ ಊರಲ್ಲಿ, ಒಬ್ಬ ಮುದುಕ ಸಾಹುಕಾರರು ಕಣ್ಣು ಮುಚ್ಚಿ ದೀರ್ಘವಾಗಿ ಮೂಸಿ, ಮೆಲ್ಲಗೆ ಕಣ್ಣು ತೆರೆದು ನನ್ನನ್ನೇ ನೋಡಿದರು.

‘ನಿಂಬಿ ವಾಸನಿ ಬಂತ್ರಿ ಅಣ್ಣಾ. ಆದ್ರ ಅದರ ಹಿಂದ ಭಜಿ ವಾಸನಿ ಬರಾಕತ್ತೈತಲ್ಲ?’

ಬರದೇ ಏನು. ಭಜಿ ವಾಸನೆ ಬಿಲ್ಲೆಯದಲ್ಲ, ನನ್ನದು. ನಾನು ಮಾರುವುದು ಸಾಬೂನು, ಮೈಗೆ ಹಚ್ಚುವುದು ಕಡಲೆಹಿಟ್ಟು. ನನ್ನ ಆಯಿ, ಎಂದರೆ ತಾಯಿ, ಚರಬಿಯ ಸಾಬೂನನ್ನು ಹೊಸ್ತಿಲು ದಾಟಿಸುತ್ತಿರಲಿಲ್ಲ. ನಾವು ಜೈನರು, ಅದರಲ್ಲೂ ಆಯಿ ನೀರು ಸೋಸದೆ ಕುಡಿಯದವಳು, ಸೋಸಿದ ಅರಿವೆಯನ್ನು ಮತ್ತೆ ಅದೇ ಬಾವಿಯ ನೀರಲ್ಲಿ ಜಾಲಿಸಿ, ಸಿಕ್ಕಿಬಿದ್ದ ಹುಳುಗಳನ್ನು ಅವುಗಳ ಮನೆಗೆ ಮುಟ್ಟಿಸಿ ಬರುವವಳು. ಸಾಬೂನಿನಲ್ಲಿ ದನದ ಕೊಬ್ಬು ಇರುತ್ತದೆಂದು ಯಾರೋ ಹೇಳಿದ್ದರು. ನನ್ನ ಮಾದರಿ ಚೀಲ ಹೊರಗಿನ ಕಟ್ಟೆಯ ಮೇಲೇ ರಾತ್ರಿ ಕಳೆಯುತ್ತಿತ್ತು. ಮಳೆ ಬಂದರೆ ಗೋಣಿತಾಟು ಹೊದಿಸುವ ಔದಾರ್ಯ ಆಯಿಗಿತ್ತು.

‘ಆಯಿ, ಇದರಾಗ ಚರಬಿ ಇಲ್ಲ. ಬರೇ ಎಣ್ಣಿ. ಮ್ಯಾಲ ಬರದಾರ ನೋಡು’ ಎಂದು ನಾನು ಎಷ್ಟೋ ಸಲ ಹೇಳಿದ್ದುಂಟು.

ಆಯಿಯ ಉತ್ತರ ಒಂದೇ. ‘ನೀ ನೋಡಿಯೇನು?’

ಸಾಬೂನು ಎಲ್ಲೋ ದೂರದಲ್ಲಿ ತಯಾರಾಗುತ್ತಿತ್ತು. ನಾನೆಲ್ಲಿ ನೋಡಲಿ? ಭಜಿ ವಾಸನೆ ಹೊತ್ತುಕೊಂಡೇ ಊರೂರು ತಿರುಗಿದೆ. ವ್ಯಾಪಾರಕ್ಕೇನೂ ಕಡಿಮೆಯಾಗಲಿಲ್ಲ ಬಿಡಿ.

ಆಯಿಯದು ಬೂದಿ ಮತ್ತು ರಿಠಾ. ಅಂಟವಾಳಕಾಯಿಗೆ ನಮ್ಮ ಗಡಿಯ ಕಡೆ ರಿಠಾ ಎಂದೇ ರೂಢಿ. ಅದರ ನೊರೆ ಕಣ್ಣಿಗೆ ಬಿದ್ದವರಿಗೆ ಮಾತ್ರ ಗೊತ್ತು, ನೈಸರ್ಗಿಕ ಎಂದರೆ ಏನೆಂದು. ರವಿವಾರದ ತಲೆಸ್ನಾನದ ಹೊತ್ತಿಗೆ ನಮ್ಮ ಬಚ್ಚಲಿನಿಂದ ಬರುವ ಬೊಬ್ಬೆಗೆ ಓಣಿಯವರೆಲ್ಲ ಒಗ್ಗಿಹೋಗಿದ್ದರು. ಈಗ ಅದೇ ರಿಠಾದ ಶಾಂಪೂ ಬಾಟಲಿಯ ಮೇಲೆ ‘ಕೋಮಲ’ ಎಂದು ಬರೆದಿರುವುದನ್ನು ನೋಡಿದರೆ ನನ್ನ ಕಣ್ಣು ಈಗಲೂ ಉರಿಯುತ್ತದೆ.

ಭಾಂಡಿ ತೊಳೆದಾದ ಮೇಲೆ ಆಯಿ ಒಂದು ಪರೀಕ್ಷೆ ಮಾಡುತ್ತಿದ್ದಳು. ತಂಬಿಗೆಯನ್ನು ಮೂಗಿನ ಹತ್ತಿರ ತಂದು ಮೂಸುವಳು. ಏನೂ ವಾಸನೆ ಬರಬಾರದು. ಹುಳಿಯದಿರಲಿ, ಎಣ್ಣೆಯದಿರಲಿ, ಬೂದಿಯದು ಕೂಡ ಬರಬಾರದು. ಬಂದರೆ ಮತ್ತೆ ಬಚ್ಚಲಿಗೆ. ‘ವಾಸನಿ ಬಂತಂದ್ರ ಇನ್ನೂ ಏನರ ಉಳದೈತಿ ಅಂತ’ ಎನ್ನುವಳು. ನಾನು ದಿನವಿಡೀ ಊರ ಮಂದಿಗೆಲ್ಲ ಮೂಸಿಸಿ ಬಂದು ಮನೆಯಲ್ಲಿ ಇದನ್ನು ಕೇಳಬೇಕಾಗಿತ್ತು.

ಇಷ್ಟು ಹೇಳಿದೆನೆಂದು ನಾನು ಹಳೆಯದೆಲ್ಲ ಬಂಗಾರ ಎನ್ನುವವನು ಅಂದುಕೊಳ್ಳಬೇಡಿ. ಭೋಜ ಎಂಬ ಊರಲ್ಲಿ ನನ್ನ ಸೋದರತ್ತೆಯೊಬ್ಬಳಿದ್ದಳು. ದಿನಾ ಬೆಳಿಗ್ಗೆ ಮಿಶ್ರಿ ತಿಕ್ಕುವಳು. ತಂಬಾಕಿನ ಎಲೆಯನ್ನು ಹೆಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿದರೆ ಅದೇ ಮಿಶ್ರಿ, ಹಲ್ಲು ತಿಕ್ಕಲು. ತಮ್ಮದೇ ಹೊಲದ ಎಲೆ, ತಮ್ಮದೇ ಒಲೆ, ತಮ್ಮದೇ ಕೈ. ಅದಕ್ಕಿಂತ ನೈಸರ್ಗಿಕವಾದದ್ದು ಯಾವುದಿದೆ? ‘ಎಲಿ ಐತೋ, ವಿಷ ಏನಲ್ಲ’ ಎಂದು ನನ್ನ ಹಲ್ಲುಪುಡಿಯನ್ನು ಹೀಯಾಳಿಸುತ್ತಿದ್ದಳು. ವಸಡು ಹುಣ್ಣಾಗಿ, ಮುಂದಿನ ಹಲ್ಲೆಲ್ಲ ಹೋಗಿ, ಕೊನೆಕೊನೆಗೆ ರೊಟ್ಟಿಯನ್ನು ಹಾಲಲ್ಲಿ ನೆನೆಸದೆ ತಿನ್ನಲು ಆಗುತ್ತಿರಲಿಲ್ಲ ಅವಳಿಗೆ. ಹಾಗಾಗಿ ಪೊಟ್ಟಣದ ಮೇಲೆ ಎಲೆಯ ಚಿತ್ರ ಕಂಡ ಕೂಡಲೇ ಕೈ ಮುಗಿಯುವ ಅಭ್ಯಾಸ ನನಗಿಲ್ಲ.

ಇರಲಿ, ಬೂದಿಗೆ ಬರೋಣ. ಪೊಟ್ಟಣದ ಹಿಂದೆ ಒಂದು ಫೋನ್ ನಂಬರು ಇತ್ತು. ಸುಮತಿ ಬೇಡ ಬೇಡ ಎಂದರೂ ಫೋನ್ ಹಚ್ಚಿದೆ. ಆ ಕಡೆ ಒಬ್ಬ ಹುಡುಗಿ, ಬಹಳ ನಯವಾದ ದನಿ.

‘ತಂಗಿ, ನಿಮ್ಮ ಬೂದಿ ಯಾವ ಕಟ್ಟಿಗಿದು?’ ಎಂದು ಕೇಳಿದೆ.

‘ಸರ್, ಅದು ಹಂಡ್ರೆಡ್ ಪರ್ಸೆಂಟ್ ನ್ಯಾಚುರಲ್ ಸರ್.’

‘ಅದು ಗೊತ್ತಾತವಾ. ಕಟ್ಟಿಗಿ ಯಾವುದು?’

ಅವಳು ಅಷ್ಟೇ ನಯವಾಗಿ ಹೇಳಿದಳು: ‘ನ್ಯಾಚುರಲ್ ಕಟ್ಟಿಗೆ ಸರ್.’

ಪಾಪ, ಅವಳದೇನು ತಪ್ಪು? ನಾನೂ ಹೀಗೆಯೇ ಮಾರಿದವನು.

ಈ ತಮಾಷೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅದು ಚಾತುರ್ಮಾಸದ ಕಾಲ, ಊರ ಬಸದಿಯಲ್ಲಿ ಒಬ್ಬ ವೃದ್ಧ ಮುನಿ ಮಹಾರಾಜರು ನೆಲೆಸಿದ್ದರು. ನಮ್ಮ ದಿಗಂಬರ ಮುನಿಗಳ ಪದ್ಧತಿ ಗೊತ್ತಿಲ್ಲದವರಿಗೆ ಹೇಳಬೇಕು. ಅವರು ಹಗಲಿಗೆ ಒಂದೇ ಸಲ, ನಿಂತುಕೊಂಡು, ತಮ್ಮ ಬೊಗಸೆಯಲ್ಲೇ ಊಟ ಮಾಡುತ್ತಾರೆ. ನೀರೂ ಅದೇ ಒಂದು ಸಲ. ಊಟದ ನಡುವೆ ಒಂದು ಕೂದಲೋ ಇರುವೆಯೋ ಕಂಡರೆ ಅಲ್ಲಿಗೆ ಬೊಗಸೆ ಬಿಡುತ್ತಾರೆ. ಅದಕ್ಕೆ ಅಂತರಾಯ ಎನ್ನುತ್ತಾರೆ. ಆಮೇಲೆ ಮರುದಿನದವರೆಗೆ ಅನ್ನವೂ ಇಲ್ಲ, ನೀರೂ ಇಲ್ಲ. ಅವರಿಗೆ ಆಹಾರ ಕೊಡಲು ಮನೆಯಲ್ಲಿ ಶುದ್ಧವಾಗಿ ಹೂಡುವ ಅಡುಗೆಗೆ ಚೌಕ ಎಂದು ಹೆಸರು. ಆಯಿ ಹೋದ ಮೇಲೆ ನಮ್ಮ ಮನೆಯಲ್ಲಿ ಚೌಕ ಆಗಿರಲಿಲ್ಲ.

‘ಮಾಮಾ, ಈ ವರ್ಷ ನಾ ಮಾಡ್ತೀನ್ರಿ ಚೌಕ’ ಎಂದಳು ಸ್ನೇಹಾ. ಶಾಲೆಗೆ ಎರಡು ದಿನ ರಜೆ ಹಾಕಿಯೇ ಹೇಳಿದಳು, ಅಂದರೆ ನಾನು ಒಪ್ಪುವುದು ಬಾಕಿ ಇರಲಿಲ್ಲ.

ಮರುದಿನ ಚೌಕ ಎನ್ನುವಾಗ ಬಸದಿಯಿಂದ ಸುದ್ದಿ ಬಂತು. ಆ ದಿನ ಇನ್ನೊಬ್ಬರ ಮನೆಯಲ್ಲಿ ಮೊದಲ ತುತ್ತಿಗೇ ಕೂದಲು ಸಿಕ್ಕಿ ಮಹಾರಾಜರು ಹಾಗೇ ಹಿಂದಿರುಗಿದ್ದರಂತೆ. ಸುಮತಿ ಎದೆಯ ಮೇಲೆ ಕೈ ಇಟ್ಟುಕೊಂಡು ಕೂತಳು. ನಾಳೆ ನಮ್ಮಲ್ಲೂ ಹಾಗಾದರೆ ಆ ಹಿರಿಯ ಜೀವ ಮೂರನೆಯ ದಿನದವರೆಗೆ ಉಪವಾಸ ಇರಬೇಕು. ಸ್ನೇಹಾಳ ಮುಖ ಸಣ್ಣದಾಯಿತು, ಆದರೆ ಬಿಡುತ್ತೇನೆ ಎನ್ನಲಿಲ್ಲ.

ಮೊದಲ ತೊಡಕು ಭಾಂಡಿಯದು. ಚೌಕದ ತಾಮ್ರ ಹಿತ್ತಾಳೆಗೆ ಸಾಬೂನು ನಡೆಯುವುದಿಲ್ಲ. ಸ್ನೇಹಾ ತನ್ನ ಪೊಟ್ಟಣ ತಂದಳು. ಸುಮತಿ ಅದನ್ನು ಮೂಸಿದಳು.

‘ನಿಂಬಿ ವಾಸನಿ ಬರತೈತಿ. ಅಲ್ಲದ, ಯಾವ ಒಲೀದೋ, ಯಾರ ಕೈಯಾಗಿಂದೋ. ಚೌಕಕ್ಕ ಬ್ಯಾಡವಾ.’

ಆಗ ನಾನು ಎದೆ ಉಬ್ಬಿಸಿ ಎದ್ದೆ. ‘ಬೂದಿಗೇನು ಬರ! ಈಗ ತರ್ತೀನಿ.’ ಪುಕ್ಕಟೆ ಬೂದಿ ತಂದು ಆ ನಗುವ ಅಜ್ಜಿಯ ಮುಂದೆ ಸುರಿಯಬೇಕೆಂಬ ಹಟ ಒಳಗೊಳಗೇ ಇತ್ತು.

ಊರ ಹೊರಗೆ ಪರಿಚಯದವರ ಬೆಲ್ಲದ ಗಾಣವಿದೆ. ಹಂಗಾಮು ಮುಗಿದು ಒಲೆ ಆರಿತ್ತು, ಆದರೆ ಚಪ್ಪರದ ಕೆಳಗೆ ಬೂದಿ ಗುಡ್ಡೆಯಾಗಿ ಬಿದ್ದಿತ್ತು. ಗಾಣದವನು ನಕ್ಕು, ‘ಬೂದಿಗ್ಯಾಕ ಕೇಳ್ತೀರಿ ಅಣ್ಣಾ, ಚೀಲ ತುಂಬ್ಕೊಂಡು ಹೋಗ್ರಿ’ ಎಂದ. ತುಂಬಿಕೊಂಡು ವಿಜಯಿಯಾಗಿ ಮನೆಗೆ ಬಂದೆ. ಸ್ನೇಹಾ ಜರಡಿ ಹಿಡಿದಳು. ಎರಡು ಸಲ ಅಲ್ಲಾಡಿಸುವಷ್ಟರಲ್ಲಿ ಜರಡಿಯಲ್ಲಿ ಕರ್ರಗಿನ ಸುರುಳಿ ತಂತಿ ಉಳಿಯಿತು.

‘ಮಾಮಾ, ಇದು ಟಾಯರಿನ ತಂತಿರಿ. ಕಬ್ಬಿನ ಸಿಪ್ಪಿ ಜೋಡಿ ಟಾಯರೂ ಸುಟ್ಟಾರ.’

ಚೀಲವನ್ನು ಹೊತ್ತು ಮತ್ತೆ ಹೊರಟೆ. ಓಣಿಯ ಕೊನೆಯಲ್ಲಿ ಇನ್ನೂ ನೀರೊಲೆ ಉರಿಸುವ ಮನೆಯೊಂದಿತ್ತು. ಅವರ ಬೂದಿಯಲ್ಲಿ ಕರಗಿದ ಹಾಲಿನ ಪ್ಯಾಕೀಟು, ಬಿಸ್ಕೀಟಿನ ಹಾಳೆ. ಇನ್ನೊಂದು ಮನೆಯಲ್ಲಿ ಒಲೆ ಹಚ್ಚಲು ಚಿಮಣಿ ಎಣ್ಣೆ ಸುರಿಯುತ್ತಿದ್ದರು. ನಾನು ಆಯುಷ್ಯವೆಲ್ಲ ಓಡಾಡಿದ ಈ ಸೀಮೆಯಲ್ಲಿ ಒಂದು ಬಟ್ಟಲು ಒಳ್ಳೆಯ ಬೂದಿ ಹುಟ್ಟಲಿಲ್ಲ. ಬರಿಗೈಲಿ ಮನೆಗೆ ಬರುವಾಗ ನಾಚಿಕೆಯೇ ಆಯಿತು.

ಕೊನೆಗೆ ಈಗ ಖಾಲಿ ಬಿದ್ದಿರುವ ದನದ ಕೊಟ್ಟಿಗೆಯ ಅಟ್ಟದ ಮೇಲೆ ಒಣಗಿದ ಜಾಲಿ ಕಟ್ಟಿಗೆ ನೆನಪಾಯಿತು. ನಾನೇ ಇಳಿಸಿ, ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಕಟ್ಟಿಗೆ ಜೋಡಿಸಿ ಕಡ್ಡಿ ಗೀರಿದೆ. ಸುಮತಿ ಹಿಂಬಾಗಿಲಿನಿಂದ ಚೀರಿದಳು.

‘ರೀ! ಕಟ್ಟಿಗಿ ಝಾಡಿಸೀರೇನ್ರಿ?’

ಕಡ್ಡಿ ಕೈಯಲ್ಲೇ ಉರಿದು ಬೆರಳು ಸುಟ್ಟಿತು. ಸರಿಯಾಗೇ ಆಯಿತು. ನಮ್ಮಲ್ಲಿ ಒಲೆಗೆ ಇಡುವ ಮೊದಲು ಪ್ರತಿ ಕಟ್ಟಿಗೆಯನ್ನು ನೆಲಕ್ಕೆ ತಟ್ಟಿ, ತಿರುಗಿಸಿ ನೋಡಿ, ಒಳಗಿನ ಇರುವೆ ಗೆದ್ದಲುಗಳನ್ನು ಇಳಿಸಿಯೇ ಬೆಂಕಿಗಿಡಬೇಕು. ಮಳೆಗಾಲದಲ್ಲಂತೂ ಇನ್ನೂ ಜಾಸ್ತಿ ನೋಡಬೇಕು, ಎಲ್ಲ ಜೀವವೂ ಒಣ ಜಾಗ ಹುಡುಕಿಕೊಂಡು ಕಟ್ಟಿಗೆಗೇ ಬರುತ್ತದೆ. ಆಯಿ ಒಂದೊಂದು ಕಟ್ಟಿಗೆ ತಟ್ಟುವಾಗಲೂ ‘ಇಳೀರೆವಾ, ಇಳೀರಿ, ಹಗೂರ’ ಎನ್ನುವಳು. ಇರುವೆಗಳು ತನ್ನ ಬೀಗರು ಎಂಬ ಹಾಗೆ ಮಾತಾಡಿಸುವಳು. ಅದನ್ನು ದಿನಾ ಕೇಳಿ ಬೆಳೆದವನು ನಾನು, ಅಂದು ಪೂರಾ ಮರೆತಿದ್ದೆ.

ಸ್ನೇಹಾ ಬಂದು ನಾನು ಜೋಡಿಸಿದ್ದನ್ನೆಲ್ಲ ಬಿಚ್ಚಿದಳು. ಕೂತಳು. ಒಂದು ಕಟ್ಟಿಗೆ ಎತ್ತಿ ಮೆಲ್ಲಗೆ ತಟ್ಟಿದಳು. ಸಾಲುಗಟ್ಟಿ ಇರುವೆ ಇಳಿದವು. ಅವಳ ಬಾಯಿಂದ ತವರಿನ ಮರಾಠಿ ತಾನಾಗಿಯೇ ಬಂತು: ‘ಉತರಾ ಗ ಬಾಯಾಂನೋ, ಉತರಾ.’ ಇಳೀರಮ್ಮಾ, ಇಳೀರಿ.

ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಈ ಹುಡುಗಿ ನನ್ನ ಆಯಿಯನ್ನು ನೋಡಿಯೇ ಇಲ್ಲ. ಆಯಿ ಹೋದ ಮೇಲೆ ಈ ಮನೆಗೆ ಬಂದವಳು. ಆದರೂ ಅದೇ ಮಾತು, ಬೇರೆ ಭಾಷೆಯಲ್ಲಿ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡೆ. ಬೆರಳು ಸುಟ್ಟಿದ್ದಕ್ಕೆ ಎಂದು ಸುಮತಿಗೆ ಹೇಳಿದೆ.

ತಟ್ಟುವುದಕ್ಕೇ ಎರಡು ತಾಸು ಹಿಡಿಯಿತು. ಹೊತ್ತಿಸಿ, ಉರಿದು, ಆರಿ, ತಣಿಯುವ ತನಕ ಕಾದಿದ್ದಾಯಿತು. ಬೂದಿಯನ್ನು ಹಳೆಯ ತೆಳು ಅರಿವೆಯಲ್ಲಿ ಸೋಸಿದ್ದಾಯಿತು. ಸುಮತಿ ಒಂದೊಂದೇ ರಿಠಾ ಒಡೆದು ಒಳಗೆ ಹುಳುವಿದೆಯೇ ನೋಡಿ ನೆನೆಹಾಕಿದಳು. ಇಷ್ಟೆಲ್ಲ ಆಗಿ ಸಿಕ್ಕಿದ್ದು ಒಂದು ಬಟ್ಟಲು. ನುಣ್ಣಗೆ, ಬೆಳ್ಳಗೆ, ಹಿಟ್ಟಿನ ಹಾಗಿತ್ತು. ಹಳೆಯ ಚಾಳಿ ನೋಡಿ, ಅದಕ್ಕೊಂದು ಬೆಲೆ ಕಟ್ಟಲು ಹೋದೆ. ಮಾಡದಲ್ಲಿದ್ದ ಪೊಟ್ಟಣದ ಬೆಲೆ ಮೊದಲ ಬಾರಿಗೆ ನನಗೆ ಅಗ್ಗ ಅನಿಸಿತು. ಅದನ್ನು ಮಾಡಿದವರು ಯಾರಾದರೂ ಹೀಗೆ ಕೂತು ತಟ್ಟಿದ್ದರೆ ಅವರು ಕೇಳಿದಷ್ಟು ಕೊಡಬಹುದು. ಅಜ್ಜಿಯ ಚಿತ್ರ ಮಾತ್ರ ಕೂತಿದ್ದರೆ ಒಂದು ರೂಪಾಯಿಯೂ ಹೆಚ್ಚು. ಕೂತವರು ಯಾರೆಂದು ಪೊಟ್ಟಣ ಹೇಳುವುದಿಲ್ಲ, ಅಷ್ಟೇ ತೊಂದರೆ.

ಮರುದಿನ ಬೆಳಿಗ್ಗೆ ನಾನು ಒದ್ದೆ ಧೋತರ ಉಟ್ಟು, ಕೈಯಲ್ಲಿ ತೆಂಗಿನಕಾಯಿ ಹಿಡಿದು ಬಾಗಿಲಲ್ಲಿ ನಿಂತೆ. ಪಕ್ಕದಲ್ಲಿ ಸುಮತಿ, ಹಿಂದೆ ಕಲಶ ಹಿಡಿದು ಸ್ನೇಹಾ. ಓಣಿಯಲ್ಲಿ ಇನ್ನೂ ಮೂರ್ನಾಲ್ಕು ಮನೆಯವರು ಹಾಗೆಯೇ ನಿಂತಿದ್ದರು. ಮಹಾರಾಜರು ಬಸದಿಯಿಂದ ಬಂದರು. ತೆಳ್ಳಗಿನ ದೇಹ, ನೆಲ ನೋಡುತ್ತಾ ಇಡುವ ಹೆಜ್ಜೆ. ಯಾವ ಗುರುತು ಕಂಡ ಮನೆಗೆ ಹೋಗಬೇಕೆಂದು ಮನಸ್ಸಿನಲ್ಲಿ ಸಂಕಲ್ಪವಿತ್ತೋ, ಬೇರೆ ಮನೆಗಳನ್ನು ದಾಟಿ ನಮ್ಮೆದುರು ನಿಂತರು. ‘ನಮೋಸ್ತು, ನಮೋಸ್ತು, ನಮೋಸ್ತು’ ಎಂದೆವು.

ಒಳಗೆ ಕರೆತಂದು, ಪಾದ ತೊಳೆದು, ಪೂಜೆಯಾದ ಮೇಲೆ ಮನೆಯ ಹಿರಿಯ ಒಂದು ಮಾತು ಹೇಳಬೇಕು. ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧಿ. ಎಲ್ಲವೂ ಶುದ್ಧವಾಗಿದೆ ಎಂದು ಗಟ್ಟಿಯಾಗಿ ಹೇಳಿದ ಮೇಲೆಯೇ ಅವರು ಬೊಗಸೆ ಕೂಡಿಸುವುದು. ಶುದ್ಧ ಎಂಬ ಮಾತನ್ನು ನಾನು ಎಷ್ಟು ಅಂಗಡಿಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಎಲ್ಲ ಹಾಳೆಯ ಮೇಲಿನದ್ದನ್ನು ಓದಿ ಹೇಳಿದ್ದು. ಬಾಯಿ ತೆರೆಯುವ ಮೊದಲು ಆಯಿಯ ಪ್ರಶ್ನೆ ಕಿವಿಯಲ್ಲಿ ಕೇಳಿಸಿತು: ನೀ ನೋಡಿಯೇನು?

ನೋಡೀನಿ ಆಯಿ. ಈ ಸಲ ನೋಡೀನಿ.

ಹೇಳಿದೆ. ಒಂದಕ್ಷರ ತೊದಲಲಿಲ್ಲ.

ಮೊದಲು ನೀರು. ಸ್ನೇಹಾ ತಾಮ್ರದ ತಂಬಿಗೆಯಿಂದ ಅವರ ಬೊಗಸೆಗೆ, ಒಂದು ಹನಿಯೂ ನೆಲಕ್ಕೆ ಬೀಳದಂತೆ ಎರೆದಳು. ಮಹಾರಾಜರು ಬೊಗಸೆಯನ್ನು ಬಾಯಿಯ ಹತ್ತಿರ ಒಯ್ದು ತಟ್ಟನೆ ನಿಂತರು. ನೀರನ್ನೇ ನೋಡಿದರು. ಸುಮತಿ ನನ್ನ ಮುಂಗೈ ಹಿಡಿದ ಬಿಗಿಗೆ ಅವಳ ಬಳೆ ಚುಚ್ಚಿತು. ಆಮೇಲೆ ಅವರು ಕುಡಿದರು. ಮತ್ತೆ ಬೊಗಸೆ ಚಾಚಿದರು. ಮತ್ತೆ ಕುಡಿದರು. ಹಾಲು, ಅನ್ನ, ತೊವ್ವೆ, ಸಾವಕಾಶವಾಗಿ ಪೂರ್ತಿ ಊಟ ಮಾಡಿದರು. ಒಂದು ತುತ್ತಿಗೂ ಅಂತರಾಯವಾಗಲಿಲ್ಲ. ಸ್ನೇಹಾಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಊಟ ಮುಗಿಸಿ ಮಣೆಯ ಮೇಲೆ ಕೂತ ಮಹಾರಾಜರು ಕೇಳಿದರು. ‘ಭಾಂಡಿ ಯಾರು ಬೆಳಗಿದ್ದು?’

ಸ್ನೇಹಾ ಮುಂದೆ ಬಂದು ಕೈ ಮುಗಿದಳು.

‘ಈಗೀಗ ಹಳ್ಳಿಗೆ ಹೋಗಲಿ, ಪ್ಯಾಟಿಗೆ ಹೋಗಲಿ, ನೀರು ಬಾಯಿ ಹತ್ರ ತಂದ್ರ ನಿಂಬಿಹಣ್ಣಿನ ವಾಸನಿ ಬರತೈತವಾ. ಬರೇ ನೀರಿನಂಥ ನೀರು ಕುಡದು ಭಾಳ ದಿನ ಆಗಿತ್ತು’ ಎಂದರು.

ನಾನು ನೆಲ ನೋಡಿದೆ. ರಾಯಬಾಗ, ಅಥಣಿ, ಕಾಗವಾಡಗಳ ನಿಂಬೆ ತೋಟವೆಲ್ಲ ನನ್ನದೇ ಕೃಪೆ ಎಂದು ಆ ಹಿರಿಯರಿಗೆ ಯಾರು ಹೇಳಬೇಕು? ಸುಮತಿ ಮಾತ್ರ ಸೆರಗಿನ ಮರೆಯಲ್ಲಿ ನಕ್ಕಳು. ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಆ ಹುಡುಗಿಯ ಬಗ್ಗೆ ಎದೆಯಲ್ಲಿ ತುಂಬಿದ್ದ ಹೆಮ್ಮೆ ಬೇರೆ ಯಾವುದಕ್ಕೂ ಜಾಗ ಬಿಟ್ಟಿರಲಿಲ್ಲ.

ಪೊಟ್ಟಣ ಈಗಲೂ ಬರುತ್ತದೆ. ಶಾಲೆಗೆ ಓಡುವವಳು ದಿನಾ ಕಟ್ಟಿಗೆ ತಟ್ಟುತ್ತಾ ಕೂರಲಾಗದು, ಕೈ ಉರಿಯುವುದಂತೂ ಸುಳ್ಳಲ್ಲ. ಬೆಲೆಯ ಮಾತು ನಾನು ಎತ್ತುವುದಿಲ್ಲ.

ಆ ದಿನ ಮಹಾರಾಜರನ್ನು ಬಸದಿಗೆ ಬಿಟ್ಟುಬಂದು ಅಡುಗೆಮನೆಗೆ ಹೋದೆ. ಸ್ನೇಹಾ ಮೂಲೆಯಲ್ಲಿ ಕೂತು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ತಾಮ್ರದ ತಂಬಿಗೆ ತೊಳೆದು ಬೋರಲು ಹಾಕಿತ್ತು. ಎತ್ತಿ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಮೂಸಿದೆ, ತೆಲಸಂಗದ ಸಾಹುಕಾರರ ಹಾಗೆ.

‘ಏನ್ ವಾಸನಿ ಬರತೈತ್ರಿ ಮಾಮಾ?’ ಎಂದು ಕೇಳಿದಳು.

ಆಯುಷ್ಯವೆಲ್ಲ ಊರೂರು ತಿರುಗಿ ಕೂಗಿದವನು ನಾನು. ಆದರೆ ಯಾವ ಮಾಲಿನ ಬಗ್ಗೆಯೂ ಇಷ್ಟು ಗಟ್ಟಿಯಾಗಿ ಹೇಳಿರಲಿಲ್ಲ.

‘ಏನೂ ಇಲ್ಲವಾ’ ಎಂದೆ. ‘ಏನಂದ್ರ ಏನೂ ಇಲ್ಲ!’